ಬೀಚ್ ವಾಲಿಬಾಲ್ ವಿಡಿಯೊ ಗೇಮ್: ಆಡಿದವರ ಅಭಿಪ್ರಾಯಗಳು

ಮರಳಿನ ಅಂಕಣದಲ್ಲಿ ಇಬ್ಬಿಬ್ಬರು ಆಡುವ ವಾಲಿಬಾಲನ್ನು ಪರದೆಗೆ ತಂದ ವಿಡಿಯೊ ಗೇಮ್‌ಗಳಲ್ಲಿ ಎರಡು ಬಗೆ ಇವೆ. ನಿಜವಾದ ಪಂದ್ಯದ ಪ್ರತಿಯೊಂದು ನಿಯಮವನ್ನೂ ಪಾಲಿಸಲು ಹೊರಟವು ಒಂದು ಬಗೆ. ನಿಯಮಗಳನ್ನು ಸಡಿಲಿಸಿ, ವೇಗಕ್ಕೂ ಕೈಚಳಕಕ್ಕೂ ಒತ್ತು ಕೊಟ್ಟ ಆರ್ಕೇಡ್ ಮಾದರಿಯವು ಇನ್ನೊಂದು. ನಾಣ್ಯ ಹಾಕಿ ಆಡುವ ಯಂತ್ರಗಳ ಕಾಲದಲ್ಲಿ ಹುಟ್ಟಿದ ಈ ಎರಡನೆಯ ಬಗೆಯಲ್ಲಿ, ಹೊಸಬನಿಗೂ ಮೊದಲ ಸರ್ವಿಸ್ ಮುಗಿಯುವುದರೊಳಗೆ ಆಟ ಅರ್ಥವಾಗಬೇಕು, ಸೋತವನಿಗೆ ಇನ್ನೊಂದು ಆಟ ಆಡಬೇಕೆನಿಸಬೇಕು. 1980ರ ದಶಕದ ಆರಂಭದಿಂದ ಇಂಥ ಆಟಗಳು ಬರುತ್ತಲೇ ಇವೆ. ಆಡಿದವರು ಮೆಚ್ಚಿದ್ದನ್ನೂ ಗೊಣಗಿದ್ದನ್ನೂ ಒಟ್ಟಿಗಿಟ್ಟು ನೋಡಿದರೆ, ಚಿತ್ರದ ಅಂದ, ಪಂದ್ಯ ನಡೆಯುವ ಊರುಗಳ ಪಟ್ಟಿ, ಉಡುಗೆಯ ಬಣ್ಣ ಇವೆಲ್ಲ ಬೇಗ ಹಳತಾಗುತ್ತವೆ. ಕೊನೆಗೆ ಉಳಿಯುವ ಪ್ರಶ್ನೆಗಳು ಎರಡು: ಬಟನ್ ಒತ್ತಿದ ಗಳಿಗೆಯಲ್ಲೇ ಕೈ ಚೆಂಡಿಗೆ ತಾಗಿತೇ? ಪಕ್ಕದಲ್ಲಿ ನಿಂತ ಜೊತೆಗಾರನನ್ನು ನಂಬಬಹುದೇ? ಇವುಗಳಲ್ಲಿ ಎರಡನೆಯದೇ ಹೆಚ್ಚು ತೂಕದ್ದು. ಈ ಬಗೆಯ ಆಟಗಳ ಏಳುಬೀಳನ್ನು ಬಹುಮಟ್ಟಿಗೆ ಅದರಿಂದಲೇ ವಿವರಿಸಬಹುದು.

ಅದಕ್ಕೆ ಕಾರಣ ಮೂಲ ಆಟದಲ್ಲೇ ಇದೆ. ಬೀಚ್ ವಾಲಿಬಾಲ್ ಅಂಕಣ 16 ಮೀಟರ್ ಉದ್ದ, 8 ಮೀಟರ್ ಅಗಲ. ಒಳಾಂಗಣದ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಮರಳಿನದು ಚಿಕ್ಕದಾಗಿ ಕಂಡರೂ ಒಬ್ಬೊಬ್ಬರು ಕಾಯಬೇಕಾದ ನೆಲ ಲೆಕ್ಕ ಹಾಕಿದರೆ ಚಿತ್ರ ತಿರುಗುಮುರುಗಾಗುತ್ತದೆ. ಒಳಾಂಗಣದಲ್ಲಿ ಆರು ಜನರಲ್ಲಿ ಒಬ್ಬರ ಪಾಲಿಗೆ 13.5 ಚದರ ಮೀಟರ್ ಬಂದರೆ, ಮರಳಿನಲ್ಲಿ 32 ಚದರ ಮೀಟರ್. ಬದಲಿ ಆಟಗಾರರಿಲ್ಲ. ಬ್ಲಾಕ್ ಮಾಡುವಾಗ ಕೈಗೆ ತಾಗಿದ್ದೂ ಮೂರು ಮುಟ್ಟುಗಳಲ್ಲಿ ಒಂದೆಂದೇ ಲೆಕ್ಕ. ಬೆರಳ ತುದಿಯಿಂದ ಚೆಂಡನ್ನು ಮೆಲ್ಲಗೆ ಆಚೆ ತಳ್ಳಿ ಅಂಕ ಗಿಟ್ಟಿಸುವಂತಿಲ್ಲ. ಗಾಳಿಯೂ ಬಿಸಿಲೂ ಒಂದೇ ತಂಡಕ್ಕೆ ಒದಗಿಬರಬಾರದೆಂದು ಮೊದಲೆರಡು ಸೆಟ್‌ಗಳಲ್ಲಿ ಏಳು ಅಂಕಕ್ಕೊಮ್ಮೆ ಕಡೆ ಬದಲಾಯಿಸುತ್ತಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾದ ಈ ಆಟದಲ್ಲಿ ಒಬ್ಬನು ಚೆಂಡನ್ನು ಎತ್ತಿದರೆ ಇನ್ನೊಬ್ಬನು ಲಿಫ್ಟ್ ಕೊಡಲೇಬೇಕು, ಮೊದಲಿನವನೇ ಓಡಿಬಂದು ಹೊಡೆಯಲೇಬೇಕು. ಎದುರಾಳಿಗಳು ಇಬ್ಬರಲ್ಲಿ ದುರ್ಬಲನಾದವನಿಗೇ ಸತತವಾಗಿ ಸರ್ವಿಸ್ ಮಾಡಿ ಅವನನ್ನು ದಣಿಸುವುದು ಈ ಆಟದ ಹಳೆಯ ತಂತ್ರ. ಅವನನ್ನು ಮರೆಯಲ್ಲಿ ನಿಲ್ಲಿಸಲು ಆರು ಜನರ ತಂಡದಲ್ಲಿ ದಾರಿ ಇದೆ, ಇಲ್ಲಿ ಇಲ್ಲ.

ಮಂಡ್ಯ ಜಿಲ್ಲೆಯ ಹೊಳಲು, ಮದ್ದೂರು, ಮಳವಳ್ಳಿ ಕಡೆಯ ಓದುಗರಿಗೆ ವಾಲಿಬಾಲ್ ಎಂದೊಡನೆ ನೆನಪಾಗುವುದು ಕಡಲತೀರವಲ್ಲ. ಮಣ್ಣಿನ ಅಂಕಣ, ಸುಣ್ಣದ ಗೆರೆ, ಎರಡು ಕಂಬಗಳ ನಡುವೆ ಬಿಗಿದ ಬಲೆ, ಹಬ್ಬದ ಹೊತ್ತಿಗೆ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿ ಅವರ ವಾಲಿಬಾಲ್. ಕಾವೇರಿ ನಾಲೆಯ ನೀರುಂಡ ಈ ಬಯಲುಸೀಮೆಯಿಂದ ಪಣಂಬೂರು, ಮಲ್ಪೆ, ಕಾರವಾರಗಳ ಮರಳು ಘಟ್ಟದ ಆಚೆಗಿದೆ. ಬೀಚ್ ವಾಲಿಬಾಲ್ ಭಾರತದ ಬಹುಪಾಲು ಜನರಿಗೆ ನೋಡುವ ಆಟವೇ ಹೊರತು ಆಡುವ ಆಟವಲ್ಲ. 2025ರ ಮೇ ತಿಂಗಳಲ್ಲಿ ದಿಯುವಿನ ಘೋಘ್ಲಾ ತೀರದಲ್ಲಿ ನಡೆದ ಮೊದಲ ಖೇಲೋ ಇಂಡಿಯಾ ಬೀಚ್ ಗೇಮ್ಸ್‌ನಲ್ಲಿ ಅದು ಪದಕದ ಸ್ಪರ್ಧೆಯಾಗಿ ಸೇರಿದ್ದು ಈಚಿನ ಬೆಳವಣಿಗೆ. ಹೀಗಾಗಿ ಒಳನಾಡಿನ ಹುಡುಗರು ಈ ವಿಡಿಯೊ ಗೇಮ್‌ಗಳನ್ನು ಕೈಗೆತ್ತಿಕೊಂಡಾಗ ಹೋಲಿಸಿ ನೋಡುವುದು ತಮ್ಮೂರ ಆರು ಜನರ ಆಟದೊಡನೆ. ಲಿಫ್ಟ್ ಎಷ್ಟು ಎತ್ತರಕ್ಕೆ ಏರಬೇಕು, ಸ್ಮ್ಯಾಷ್‌ಗೆ ಎಷ್ಟು ಹೆಜ್ಜೆ ಹಿಂದಿನಿಂದ ಓಡಿಬರಬೇಕು, ಬ್ಲಾಕ್‌ಗೆ ಯಾವಾಗ ಜಿಗಿಯಬೇಕು ಎಂಬುದು ಅವರ ಮೈಗೆ ಗೊತ್ತು. ಪರದೆಯ ಮೇಲಿನ ಸುಳ್ಳು ಲಯವನ್ನು ಅಂಕಣದಲ್ಲಿ ಬೆವರು ಸುರಿಸಿದವರು ಬೇಗ ಗುರುತಿಸುತ್ತಾರೆ. ಇದೇ ಕಾರಣಕ್ಕೆ ಅವರ ಅಭಿಪ್ರಾಯಕ್ಕೆ ವೃತ್ತಿಪರ ವಿಮರ್ಶಕರ ಅಂಕಪಟ್ಟಿಗಿಂತ ಹೆಚ್ಚಿನ ಬೆಲೆ ಕೊಡಬೇಕು.

ಈ ಬಗೆಯ ಮೊದಲಿಗರಲ್ಲಿ ಒಂದು, 1982ರಲ್ಲಿ ಅಟಾರಿ 2600 ಯಂತ್ರಕ್ಕೆ ಬಂದ ರಿಯಲ್‌ಸ್ಪೋರ್ಟ್ಸ್ ವಾಲಿಬಾಲ್. ಹೆಸರಿನಲ್ಲಿ ಬೀಚ್ ಇಲ್ಲದಿದ್ದರೂ ಆಟ ನಡೆಯುವುದು ಕಡಲತೀರದಲ್ಲಿ, ಕಡೆಗೆ ಇಬ್ಬರಂತೆ. ಕಡ್ಡಿಯಂಥ ಮನುಷ್ಯರು, ಚೌಕದಂಥ ಚೆಂಡು. ಇದನ್ನು ಇಂದು ಆಡಿದವರು ಚಿತ್ರವನ್ನು ನೋಡಿ ನಗಬಹುದು, ಆದರೆ ಒಂದೇ ಬಟನ್ ಇದ್ದ ಕೋಲಿನಿಂದ ಮೂರು ಮುಟ್ಟಿನ ಆಟವನ್ನು ಆಡಿಸಿದ್ದು ಸಣ್ಣ ಸಾಧನೆಯಲ್ಲ. 1988ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪ್ಯೂಟರಿಗೆ ತಂದ ಕಿಂಗ್ಸ್ ಆಫ್ ದಿ ಬೀಚ್ ಸಿಂಜಿನ್ ಸ್ಮಿತ್ ಮತ್ತು ರ‍್ಯಾಂಡಿ ಸ್ಟೋಕ್ಲೋಸ್ ಎಂಬ ನಿಜವಾದ ಜೋಡಿಯನ್ನೇ ಆಟದೊಳಗೆ ತಂದಿತು. 1987ರಲ್ಲಿ ರಿಯೊ ಡಿ ಜನೈರೊದ ಇಪನೇಮಾ ತೀರದಲ್ಲಿ ಗೆದ್ದಿದ್ದ ಜೋಡಿ ಅದು. ಮುಂದೆ ನಿಂಟೆಂಡೊ ಯಂತ್ರಕ್ಕೆ ಬಂದ ಆವೃತ್ತಿಯಲ್ಲಿ ನಾಲ್ವರು ಒಟ್ಟಿಗೆ ಆಡಬಹುದಿತ್ತು.

ಅದೇ 1988ರಲ್ಲಿ ಜಪಾನಿನ ಟೆಕ್ನೋಸ್ ಕಂಪನಿ ಆರ್ಕೇಡ್‌ಗೆ ಇಳಿಸಿದ್ದು ಯು.ಎಸ್. ಚಾಂಪಿಯನ್‌ಶಿಪ್ ವಿ'ಬಾಲ್. ಹೊಡೆದಾಟದ ಡಬಲ್ ಡ್ರ್ಯಾಗನ್ ಮಾಡಿದ್ದ ಕಂಪನಿಯೇ ಇದು. ಅಮೆರಿಕದ ಮನೆಗಳಿಗೆ 1990ರಲ್ಲಿ ಸೂಪರ್ ಸ್ಪೈಕ್ ವಿ'ಬಾಲ್ ಎಂಬ ಹೆಸರಿನಲ್ಲಿ ಬಂದಾಗ ಡಬಲ್ ಡ್ರ್ಯಾಗನ್‌ನ ಬಿಲ್ಲಿ, ಜಿಮ್ಮಿ ಸೋದರರೂ ಒಂದು ಜೋಡಿಯಾಗಿ ಅದರಲ್ಲಿದ್ದರು. ನಾಲ್ಕು ನಿಯಂತ್ರಕಗಳ ಜೊತೆ ಒಂದೇ ಡಬ್ಬದಲ್ಲಿ ಮಾರಿದ ಆಟಗಳಲ್ಲಿ ಇದೂ ಒಂದು. ಅಂದರೆ ತಯಾರಕರಿಗೂ ಗೊತ್ತಿತ್ತು, ಇದು ಒಬ್ಬನೇ ಕೂತು ಆಡುವ ಸರಕಲ್ಲ. ಆಗ ಆಡಿದವರ ನೆನಪುಗಳಲ್ಲಿ ಹೊಗಳಿಕೆ ಬರುವುದು ಅಣ್ಣತಮ್ಮಂದಿರು, ಗೆಳೆಯರು ಕೂಡಿ ಆಡಿದ ಸಂಜೆಗಳ ಬಗ್ಗೆ. ದೂರು ಬರುವುದು ಒಬ್ಬರೇ ಆಡಿದಾಗ ಯಂತ್ರದ ಜೊತೆಗಾರ ತೋರಿದ ಪೆದ್ದುತನದ ಬಗ್ಗೆ.

ಆ ಕಾಲದ ಆಟಗಳನ್ನು ಇಂದು ಆಡುವವರಿಗೆ ಇನ್ನೊಂದು ಸಂಗತಿ ಕಾಡುತ್ತದೆ. ಆಗ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು, ಎದುರಿನವರು ಗೆದ್ದರೆ ಸರ್ವಿಸ್ ಮಾತ್ರ ಕೈ ಬದಲಾಗುತ್ತಿತ್ತು. ಪ್ರತಿ ರ‍್ಯಾಲಿಗೂ ಅಂಕ ಕೊಡುವ, 21ಕ್ಕೆ ಸೆಟ್ ಮುಗಿಯುವ ಪದ್ಧತಿ ಬೀಚ್ ವಾಲಿಬಾಲ್‌ಗೆ ಬಂದದ್ದು 2001ರ ಸುಮಾರಿಗೆ. ಹೊಸ ಪದ್ಧತಿಯಲ್ಲಿ ಬೆಳೆದವರಿಗೆ ಹಳೆಯ ಲೆಕ್ಕ ಎಳೆದಾಟವೆನಿಸುವುದು ಸಹಜ. ಹಳಬರು ಮಾತ್ರ, ಸೋಲುವವನು ಕೊನೆಯ ಅಂಕದಲ್ಲೂ ತಿರುಗಿಬೀಳುವ ಅವಕಾಶ ಆ ಲೆಕ್ಕದಲ್ಲಿತ್ತು ಎಂದು ವಾದಿಸುತ್ತಾರೆ. ಮಂಡ್ಯದ ಮಣ್ಣಿನ ಅಂಕಣಗಳಲ್ಲಿ ಹಳೆಯ ಪದ್ಧತಿಯಲ್ಲಿ ಆಡಿದ ಹಿರಿಯರಿಗೆ ಈ ವಾದ ಹೊಸದೇನಲ್ಲ.

ಇವುಗಳ ಪಕ್ಕದಲ್ಲೇ, ಖರ್ಚಿಲ್ಲದೆ ಬೆಳೆದ ಇನ್ನೊಂದು ಕವಲಿದೆ. ಅಲ್ಲಿ ಜೊತೆಗಾರನೇ ಇಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕಂಪ್ಯೂಟರ್ ಪತ್ರಿಕೆಯೊಂದು ಓದುಗರು ತಾವೇ ಟೈಪ್ ಮಾಡಿಕೊಂಡು ಆಡಲೆಂದು ಪ್ರಕಟಿಸಿದ ಆರ್ಕೇಡ್ ವಾಲಿಬಾಲ್‌ನಲ್ಲಿ ಕೈಗಳೇ ಇಲ್ಲದ ಪ್ರಾಣಿಗಳು ತಲೆಯಿಂದ ಚೆಂಡನ್ನು ಹಾಯುತ್ತವೆ. 1997ರಲ್ಲಿ ಜಪಾನಿನ ಹವ್ಯಾಸಿಗಳು ಮಾಡಿದ ಪಿಕಾಚು ವಾಲಿಬಾಲ್ ಕೊರಿಯಾದಲ್ಲಿ ಮನೆಮಾತಾಯಿತು. ಆಸ್ಟ್ರೇಲಿಯಾದ ವಿದ್ಯಾರ್ಥಿಗಳು ಬರೆದ ಸ್ಲೈಮ್ ವಾಲಿಬಾಲ್‌ನಲ್ಲಿ ಆಟಗಾರ ಎಂದರೆ ಒಂದು ಅರ್ಧಗೋಲ, ಅದಕ್ಕೊಂದು ಕಣ್ಣು. 2000ದಲ್ಲಿ ಜರ್ಮನಿಯಿಂದ ಬಂದ ಬ್ಲಾಬಿ ವಾಲಿ ಕಡಲತೀರದ ಚಿತ್ರದ ಮುಂದೆ ಎರಡು ಮುದ್ದೆಗಳನ್ನು ನಿಲ್ಲಿಸಿತು. ಒಬ್ಬನೇ ಮೂರು ಸಲದವರೆಗೆ ಮುಟ್ಟಬಹುದು, ನಂತರ ಚೆಂಡು ಬಲೆ ದಾಟಲೇಬೇಕು. ಹಳೆಯ ಕಂಪ್ಯೂಟರಿನಲ್ಲೂ ಓಡುವ, ಒಂದೇ ಕೀಬೋರ್ಡಿನ ಎರಡು ತುದಿಗಳಲ್ಲಿ ಇಬ್ಬರು ಬೆರಳಿಟ್ಟು ಆಡಬಹುದಾದ ಈ ಆಟಗಳಿಗೆ ಕೈಪಿಡಿ ಬೇಕಾಗಿಲ್ಲ. ಎಡಕ್ಕೆ, ಬಲಕ್ಕೆ, ಜಿಗಿ: ಇಷ್ಟೇ.

ಈ ಕವಲಿನ ಬಗ್ಗೆ ಆಡಿದವರ ಮೆಚ್ಚುಗೆ ಎಷ್ಟು ಏಕರೂಪವಾಗಿದೆಯೆಂದರೆ, ಲಕ್ಷಾಂತರ ಡಾಲರ್ ಸುರಿದು ಮಾಡಿದ ಆಟಗಳಿಗೂ ಅಂಥ ಪ್ರೀತಿ ಸಿಕ್ಕಿಲ್ಲ. ಕಾರಣ ಊಹಿಸಬಹುದು. ಚೆಂಡು ಗೋಲದ ಎಲ್ಲಿ ತಾಗಿತೋ ಅದರ ಪ್ರಕಾರ ಹೊರಳುತ್ತದೆ, ಆಟ ನಡುವೆ ಕೈ ಹಾಕಿ ಸಹಾಯ ಮಾಡುವುದಿಲ್ಲ, ಅಡ್ಡಿಯೂ ಮಾಡುವುದಿಲ್ಲ. ಸೋತವನು ದೂರಲು ತನ್ನ ಹೊರತು ಯಾರೂ ಇಲ್ಲ. ಡೇವಿಡ್ ಹಾ ಎಂಬ ಸಂಶೋಧಕ 2015ರಲ್ಲಿ ಸ್ಲೈಮ್ ವಾಲಿಬಾಲ್ ಆಡಲು ಕೃತಕ ಬುದ್ಧಿಮತ್ತೆಗೆ ಕಲಿಸಿದಾಗ, ತನ್ನ ವಿರುದ್ಧ ತಾನೇ ಆಡಿಕೊಂಡು ಪಳಗಿದ ಆ ಪುಟ್ಟ ಜಾಲದೊಳಗೆ ಇದ್ದದ್ದು ಕೇವಲ 120 ಸಂಖ್ಯೆಗಳು. 2020ರಲ್ಲಿ ಆತ ಅದನ್ನೇ ಸಂಶೋಧಕರ ಪ್ರಯೋಗಕ್ಕೆಂದು ಬಿಡುಗಡೆ ಮಾಡಿದ. ಇಷ್ಟು ಸಣ್ಣ ಲೆಕ್ಕದಿಂದ ಒಳ್ಳೆಯ ಎದುರಾಳಿಯನ್ನು ಮಾಡಬಹುದು. ಒಳ್ಳೆಯ ಜೊತೆಗಾರನನ್ನು ಮಾಡುವುದು ಬೇರೆಯೇ ಕೆಲಸ. ಎದುರಾಳಿ ಚೆಂಡನ್ನು ಮಾತ್ರ ನೋಡಿದರೆ ಸಾಕು, ಜೊತೆಗಾರ ಚೆಂಡನ್ನೂ ನೋಡಬೇಕು, ನಮ್ಮ ಮನಸ್ಸನ್ನೂ ಊಹಿಸಬೇಕು.

ಆ ಕೆಲಸಕ್ಕೆ ನೇರವಾಗಿ ಕೈಹಾಕಿದ ಆಟವೆಂದರೆ ಸೆಗಾ ಕಂಪನಿಯ ಎಎಂ2 ವಿಭಾಗದ ಬೀಚ್ ಸ್ಪೈಕರ್ಸ್. 2001ರಲ್ಲಿ ನವೋಮಿ 2 ಎಂಬ ಆರ್ಕೇಡ್ ಯಂತ್ರದಲ್ಲಿ, 2002ರಲ್ಲಿ ನಿಂಟೆಂಡೊದ ಗೇಮ್‌ಕ್ಯೂಬ್‌ನಲ್ಲಿ ಅದು ಬಂತು. ಮಹಿಳಾ ತಂಡಗಳ ಈ ಆಟದಲ್ಲಿ ನಾಲ್ವರು ಒಟ್ಟಿಗೆ ಆಡಬಹುದು. ಬಟನ್‌ಗಳು ಕೆಲವೇ, ಎಲ್ಲವೂ ನಿಂತಿರುವುದು ಕಾಲಮಾಪನದ ಮೇಲೆ. ಚೆಂಡು ಬೀಳುವ ಜಾಗವನ್ನು ಮರಳ ಮೇಲಿನ ಗುರುತು ಹೇಳುತ್ತದೆ. ಅಲ್ಲಿಗೆ ಮುಂಚೆಯೇ ತಲುಪಿ, ಸರಿಯಾದ ಗಳಿಗೆಯಲ್ಲಿ ಒತ್ತಿದವನ ಹೊಡೆತಕ್ಕೆ ಬಲ ಹೆಚ್ಚು. ಎದುರಿನವರು ಎಲ್ಲಿ ನಿಂತಿದ್ದಾರೆ ಎಂದು ಜಿಗಿತದ ನಡುವೆ ಕಣ್ಣಾಡಿಸಿ ಖಾಲಿ ಮೂಲೆಗೆ ಹೊಡೆಯುವ ಸಂತೋಷ ಇದರಲ್ಲಿ ಸಿಗುವಷ್ಟು ಶುದ್ಧವಾಗಿ ಬೇರೆಡೆ ಸಿಗದು ಎಂಬುದು ಅದನ್ನು ಮೆಚ್ಚಿದವರ ಮಾತು. ಮನೆಯ ಆವೃತ್ತಿಯಲ್ಲಿ ವರ್ಲ್ಡ್ ಟೂರ್ ಎಂಬ ವಿಭಾಗ ಸೇರಿತು. ಅಲ್ಲಿ ಜೊತೆಗಾರ್ತಿಯನ್ನು ಯಂತ್ರವೇ ಆಡಿಸುತ್ತದೆ, ಆದರೆ ಮೊದಮೊದಲು ಆಕೆಗೆ ಏನೂ ಬಾರದು. ಪಂದ್ಯಾವಳಿ ಮುಗಿದಂತೆ ಸಿಗುವ ಅಂಕಗಳನ್ನು ಆಕೆಯ ಸರ್ವಿಸ್, ಲಿಫ್ಟ್, ಸ್ಮ್ಯಾಷ್‌ಗಳಿಗೆ ಹಂಚಿ ಬೆಳೆಸಬೇಕು. ರ‍್ಯಾಲಿಗಳ ನಡುವೆ ಹುರಿದುಂಬಿಸಬಹುದು, ಗದರಲೂಬಹುದು. ಅದರ ಪರಿಣಾಮ ಇಬ್ಬರ ಹೊಂದಾಣಿಕೆಯ ಮೇಲೆ ಕಾಣುತ್ತದೆ.

ಈ ವಿಭಾಗದ ಬಗ್ಗೆ ಆಡಿದವರು ಇಂದಿಗೂ ಎರಡು ಬಣವಾಗಿದ್ದಾರೆ. ಒಂದು ಬಣದ ಪ್ರಕಾರ ಇದು ಶಿಕ್ಷೆ. ಕೈಗೆ ಬಂದ ಚೆಂಡನ್ನು ಬಿಡುವ, ಲಿಫ್ಟನ್ನು ಬಲೆಯಿಂದ ಮಾರು ದೂರಕ್ಕೆ ಎಸೆಯುವ ಜೊತೆಗಾರ್ತಿಯಿಂದಾಗಿ ಸೋಲು ಸೋಲಿನ ಮೇಲೆ ಬರುತ್ತದೆ, ತಪ್ಪು ತನ್ನದಲ್ಲದಿದ್ದರೂ ಪಂದ್ಯಾವಳಿಯಿಂದ ಹೊರಬೀಳಬೇಕಾಗುತ್ತದೆ. ಇನ್ನೊಂದು ಬಣಕ್ಕೆ ಆಟದ ಜೀವವೇ ಅಲ್ಲಿದೆ. ಮೊದಲ ಪಂದ್ಯದಲ್ಲಿ ಎಡವುತ್ತಿದ್ದವಳು ಕೊನೆಯ ಪಂದ್ಯದಲ್ಲಿ ಕೇಳದೆಯೇ ಓಡಿಬಂದು ಬ್ಲಾಕ್ ಮಾಡಿದಾಗ ಆಗುವ ಹಿಗ್ಗು ಬೇರಾವ ಕ್ರೀಡೆಯ ವಿಡಿಯೊ ಗೇಮ್‌ನಲ್ಲೂ ಇಲ್ಲ ಎನ್ನುತ್ತಾರೆ. ಎರಡನೆಯ ಬಣದ ಮಾತೇ ಹೆಚ್ಚು ಸರಿ. ಊರಿನ ತಂಡಕ್ಕೆ ಹೊಸ ಹುಡುಗನನ್ನು ಸೇರಿಸಿಕೊಂಡು, ಅವನ ಕೈ ಕುದುರುವವರೆಗೆ ಸೋತು, ಕೊನೆಗೆ ಅವನಿಂದಲೇ ಗೆದ್ದವರಿಗೆ ಈ ವಿಭಾಗ ಏನನ್ನು ಹಿಡಿಯಲು ಹೊರಟಿತ್ತೆಂದು ತಕ್ಷಣ ತಿಳಿಯುತ್ತದೆ. ಒಬ್ಬರೇ ಆಡುವವರಿಗೆ ಮಾಡಲು ಇದರ ಹೊರತು ಹೆಚ್ಚೇನಿಲ್ಲ ಎಂಬ ದೂರು ಮಾತ್ರ ನ್ಯಾಯವಾದದ್ದು. ಆರ್ಕೇಡ್ ಯಂತ್ರದ ಮುಂದೆ ಹತ್ತು ನಿಮಿಷ ನಿಲ್ಲುವವನಿಗೆ ಸಾಕಾಗುವಷ್ಟು ಸಾಮಗ್ರಿ, ಪೂರ್ತಿ ಬೆಲೆ ಕೊಟ್ಟು ಮನೆಗೆ ತಂದವನಿಗೆ ಸಾಲುವುದಿಲ್ಲ.

2003ರ ಸುಮಾರಿಗೆ ಇಂಥ ಆಟಗಳ ಸಾಲೇ ಬಂತು. ಟೆಕ್ಮೋ ಕಂಪನಿಯ ಡೆಡ್ ಆರ್ ಅಲೈವ್ ಎಕ್ಸ್‌ಟ್ರೀಮ್ ಬೀಚ್ ವಾಲಿಬಾಲ್, ಅಕ್ಲೇಮ್‌ನ ಸಮ್ಮರ್ ಹೀಟ್, ಅಂಕಗಳ ನಡುವೆ ಎದುರಾಳಿಯೊಡನೆ ಗುದ್ದಾಟಕ್ಕೂ ಇಳಿಯಬಹುದಾದ ಔಟ್‌ಲಾ ವಾಲಿಬಾಲ್. ಇವುಗಳಲ್ಲಿ ಹೆಚ್ಚು ಮಾತಿಗೆ ಬಂದದ್ದು ಮೊದಲನೆಯದು. ಹದಿನಾಲ್ಕು ದಿನ ಒಂದು ದ್ವೀಪದಲ್ಲಿ ಕಳೆಯುವ ಈ ಆಟದಲ್ಲಿ ಜೊತೆಗಾರ್ತಿಯ ವಿಶ್ವಾಸ ಗಳಿಸುವುದು ಉಡುಗೊರೆ ಕೊಟ್ಟು. ಮುನಿಸಿಕೊಂಡವಳು ಬಿಟ್ಟು ಹೋಗುತ್ತಾಳೆ. ವಾಲಿಬಾಲ್ ಭಾಗ ಸರಳವೂ ಹಿತವೂ ಆಗಿದೆ ಎಂದವರುಂಟು. ಕ್ಯಾಮೆರಾ ಚೆಂಡನ್ನು ಬಿಟ್ಟು ಹೆಣ್ಣುಮಕ್ಕಳ ಮೈಯನ್ನೇ ಹಿಂಬಾಲಿಸುತ್ತದೆ ಎಂದು ಬೇಸತ್ತವರೂ ಉಂಟು. ಈ ದೂರು ಕೇವಲ ಮಡಿವಂತಿಕೆಯಲ್ಲ. ಚೆಂಡು ಎಲ್ಲಿದೆಯೆಂದು ಕಾಣದಿದ್ದರೆ ಆಟವೇ ಕೆಡುತ್ತದೆ. ನಿಜವಾದ ಕ್ರೀಡೆ ಬೇರೆ ದಿಕ್ಕಿಗೆ ಸಾಗಿತು. 2012ರಲ್ಲಿ ಅಂತರರಾಷ್ಟ್ರೀಯ ವಾಲಿಬಾಲ್ ಒಕ್ಕೂಟ ಮಹಿಳೆಯರಿಗೆ ಚಡ್ಡಿ, ತೋಳಿನ ಅಂಗಿ ತೊಟ್ಟು ಆಡಲು ಅವಕಾಶ ಕೊಟ್ಟಿತು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜಿಪ್ಟಿನ ದೋಆ ಎಲ್‌ಘೊಬಾಶಿ ಹಿಜಾಬ್ ತೊಟ್ಟು ಆಡಿದರು. ಮನೆಮಂದಿಯ ನಡುವೆ ಟಿ.ವಿ.ಗೆ ಜೋಡಿಸಿ ಆಡುವ ನಮ್ಮ ಊರುಗಳಲ್ಲಿ, ಅದರಲ್ಲೂ ವಾಲಿಬಾಲ್ ಆಡುವ ಹೆಣ್ಣುಮಕ್ಕಳು ಇರುವ ಮನೆಗಳಲ್ಲಿ, ಇಂಥ ಆಟ ಹಿಡಿಸದಿರಲು ಬೇರೆ ವಿವರಣೆ ಬೇಕಿಲ್ಲ.

ಕ್ಯಾಮೆರಾದ ಮಾತು ಬಂದದ್ದರಿಂದ ಒಂದು ತಾಂತ್ರಿಕ ತೊಡಕನ್ನು ಹೇಳಬೇಕು. ಚಪ್ಪಟೆ ಪರದೆಯಲ್ಲಿ ಎತ್ತರದಲ್ಲಿರುವ ಚೆಂಡು ಯಾವುದು, ದೂರದಲ್ಲಿರುವ ಚೆಂಡು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಟೆನಿಸ್‌ನಲ್ಲಿ ಚೆಂಡು ಪುಟಿಯುವುದರಿಂದ ಅದರ ಜಾಗ ಗೊತ್ತಾಗುತ್ತದೆ, ವಾಲಿಬಾಲ್‌ನಲ್ಲಿ ಚೆಂಡು ನೆಲ ಮುಟ್ಟಿತೆಂದರೆ ಕಥೆ ಮುಗಿಯಿತು. ಆದ್ದರಿಂದಲೇ ಹಲವು ಆಟಗಳು ಚೆಂಡಿನ ನೆರಳನ್ನೋ ಬೀಳುವ ಜಾಗದ ವೃತ್ತವನ್ನೋ ತೋರಿಸುತ್ತವೆ. ಈ ವೃತ್ತ ಆಟಗಾರರ ನಡುವಿನ ಹಳೆಯ ಜಗಳ. ಅದಿದ್ದರೆ ಎಲ್ಲರ ಕಣ್ಣೂ ಚೆಂಡನ್ನು ಬಿಟ್ಟು ನೆಲದ ಗುರುತಿಗೆ ಅಂಟಿಕೊಳ್ಳುತ್ತದೆ ಎಂಬುದು ನಿಜ. ಅದಿಲ್ಲದ ಆಟಗಳಲ್ಲಿ ಹೊಸಬರು ಅರ್ಧ ಗಂಟೆಯಲ್ಲೇ ಕೈಚೆಲ್ಲುತ್ತಾರೆಂಬುದೂ ನಿಜ. ಪಕ್ಕದಿಂದ ತೋರಿಸುವ ಆಟಗಳಿಗೆ ಈ ತಲೆನೋವಿಲ್ಲ, ಆದರೆ ಅವು ಅಂಕಣದ ಅಗಲವನ್ನೇ ಕಳೆದುಕೊಳ್ಳುತ್ತವೆ. ಮೂಲೆಗೆ ಹೊಡೆಯುವ ಕಲೆ ಅಲ್ಲಿಲ್ಲ. ಒಂದು ತುದಿಯ ಹಿಂದಿನಿಂದ ತೋರಿಸಿದರೆ ಹತ್ತಿರದ ತಂಡಕ್ಕೆ ಅನುಕೂಲ ಹೆಚ್ಚು. ಗಾಳಿಗಾಗಿ ಹುಟ್ಟಿದ ಕಡೆ ಬದಲಾಯಿಸುವ ನಿಯಮ ಗಾಳಿಯಿಲ್ಲದ ಪರದೆಯಲ್ಲೂ ಹೀಗೆ ಬೇರೊಂದು ಕಾರಣಕ್ಕೆ ಬೇಕಾಗುತ್ತದೆ.

ಈಚಿನವುಗಳಲ್ಲಿ ಸ್ಪೇನಿನ ಅನ್‌ಫಿನಿಶ್ಡ್ ಪಿಕ್ಸೆಲ್ ತಂಡದ ಸೂಪರ್ ವಾಲಿ ಬ್ಲಾಸ್ಟ್ (2018) ಹಳೆಯ ದಾರಿಗೇ ಮರಳಿತು. ಇಬ್ಬಿಬ್ಬರ ತಂಡ, ವ್ಯಂಗ್ಯಚಿತ್ರದಂಥ ಮುಖಗಳು, ಒಂದೇ ಪರದೆಯ ಮುಂದೆ ನಾಲ್ವರು. ಗೆಳೆಯರು ಸೇರಿದಾಗ ಸೊಗಸು, ಒಬ್ಬರೇ ಆದಾಗ ಬೇಗ ಸಪ್ಪೆ ಎಂಬ ಮೂವತ್ತು ವರ್ಷದ ಹಳೆಯ ತೀರ್ಪೇ ಅದಕ್ಕೂ ಸಿಕ್ಕಿತು. 2022ರ ಏಪ್ರಿಲ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್‌ನ ವಾಲಿಬಾಲ್ ಮರಳಿನದಲ್ಲ, ಒಳಾಂಗಣದ್ದು. ಆದರೂ ಕಡೆಗೆ ಇಬ್ಬರೇ ಇರುವುದರಿಂದ ಇಲ್ಲಿ ಹೇಳಬೇಕು. ಓಡುವ ಕೆಲಸವನ್ನು ಹೆಚ್ಚಾಗಿ ಯಂತ್ರವೇ ನೋಡಿಕೊಳ್ಳುತ್ತದೆ. ಆಟಗಾರ ಕೈಯನ್ನೇ ಬೀಸಿ ಎತ್ತಬೇಕು, ಲಿಫ್ಟ್ ಕೊಡಬೇಕು, ಹೊಡೆಯಬೇಕು. ಲಿಫ್ಟ್‌ನ ಗಳಿಗೆ ತಪ್ಪಿದರೆ ಹೊಡೆಯುವವನ ಸ್ಮ್ಯಾಷ್ ಕೂಡ ಕುಂದುತ್ತದೆ. ಐದು ಅಂಕಕ್ಕೆ ಆಟ ಮುಗಿಯುತ್ತದೆ. ನಿಧಾನವೆಂದು ದೂರಿದವರಿದ್ದಾರೆ, ಆದರೆ ಒಬ್ಬನ ತಪ್ಪು ಇನ್ನೊಬ್ಬನ ಕೈಯಲ್ಲಿ ಕಾಣುವಂತೆ ಮಾಡಿದ್ದು ಈ ಆಟದ ದೊಡ್ಡ ಗುಣ.

ನಮ್ಮಲ್ಲಿ ಇಂಥ ಕನ್ಸೋಲ್ ಇರುವ ಮನೆಗಳು ಕಡಿಮೆ. 1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸುವ ಅಗ್ಗದ ಕ್ಯಾಸೆಟ್ ಗೇಮ್, ಆಮೇಲೆ ಪೇಟೆಯ ವಿಡಿಯೊ ಗೇಮ್ ಪಾರ್ಲರ್ ಮತ್ತು ಸೈಬರ್ ಕೆಫೆ, 2016ರಲ್ಲಿ ಡೇಟಾ ಅಗ್ಗವಾದ ಮೇಲೆ ಮೊಬೈಲ್: ಹಳ್ಳಿಯ ಹುಡುಗರು ವಿಡಿಯೊ ಗೇಮ್ ಕಂಡ ದಾರಿ ಇದು. ಮೊಬೈಲಿನಲ್ಲಿ ಕೊರಿಯಾದ ದಿ ಸ್ಪೈಕ್‌ನಂಥ ಪಕ್ಕನೋಟದ ಆಟಗಳು ಹೆಸರು ಮಾಡಿವೆ. ಅದರ ಜಿಗಿತ ಮತ್ತು ಹೊಡೆತದ ಸದ್ದಿಗೆ ಮನಸೋತವರು ಬಹಳ. ಗಾಜಿನ ಮೇಲೆ ಬೆರಳು ಜಾರಿ, ಎರಡು ಬಟನ್ ಒಟ್ಟಿಗೆ ಒತ್ತಲಾಗದೆ ಅಂಕ ಹೋಯಿತೆಂಬುದು ಮೊಬೈಲ್ ಆಟಗಳ ಬಗೆಗಿನ ಸಾಮಾನ್ಯ ದೂರು. ದೂರದವರೊಡನೆ ಜಾಲದ ಮೂಲಕ ಆಡುವಾಗ ಸಿಗ್ನಲ್ ಕುಂಟಿದರೆ, ಸರಿಯಾಗಿ ಒತ್ತಿದ ಬ್ಲಾಕ್ ಕೂಡ ತಡವಾಗಿ ಏಳುತ್ತದೆ. ಕಾಲಮಾಪನದ ಮೇಲೆಯೇ ನಿಂತ ಆಟಕ್ಕೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಇಲ್ಲಿ ಹೆಸರಿಸಿದ ಆಟಗಳೆಲ್ಲ ಹೊರದೇಶದವು. ಕರ್ನಾಟಕ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ನೀತಿ ರೂಪಿಸಿದ ರಾಜ್ಯ, 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್‌ನಂಥ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನಲ್ಲಿ. ಆರು ಜನರ ಮಣ್ಣಿನ ಅಂಕಣವನ್ನೂ ಹೊನಲು ಬೆಳಕಿನ ಜನಜಂಗುಳಿಯನ್ನೂ ಪರದೆಗೆ ತರುವ ಬಲ ಇಲ್ಲಿದೆ, ತರಬೇಕೆಂಬ ಆಸೆ ಆಡುವವರಲ್ಲಿದೆ.

ಈ ನಡುವೆ ನಿಜವಾದ ವಾಲಿಬಾಲೇ ಆರ್ಕೇಡ್‌ನ ಕಡೆ ಕೆಲವು ಹೆಜ್ಜೆ ಬಂದಿದೆ. 2022ರಲ್ಲಿ ಆರಂಭವಾದ ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ಸೆಟ್ ಮುಗಿಯುವುದು 15 ಅಂಕಕ್ಕೆ. ತಂಡವೊಂದು ಸೂಪರ್ ಪಾಯಿಂಟ್ ಕರೆದರೆ ಆ ರ‍್ಯಾಲಿಗೆ ಎರಡು ಅಂಕ. ಎದುರಾಳಿಗೆ ಸಿಕ್ಕದ ಸೂಪರ್ ಸರ್ವಿಸ್‌ಗೂ ಎರಡು. ಕರ್ನಾಟಕದ ಅಶ್ವಲ್ ರೈ ನಾಯಕರಾಗಿದ್ದ ಕೋಲ್ಕತ್ತ ಥಂಡರ್‌ಬೋಲ್ಟ್ಸ್ ಮೊದಲ ವರ್ಷ ಗೆದ್ದಿತು. ಬೆಂಗಳೂರು ಟಾರ್ಪೆಡೋಸ್ 2023ರ ಫೈನಲ್‌ನಲ್ಲಿ ಸೋತು, 2025ರಲ್ಲಿ ಮುಂಬೈ ತಂಡವನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಕಿರೀಟ ಗೆದ್ದಿತು. ಹಳೆಯ ಆಟಗಾರರಲ್ಲಿ ಕೆಲವರಿಗೆ ಈ ಇಮ್ಮಡಿ ಅಂಕದ ಲೆಕ್ಕ ಒಪ್ಪಿಗೆಯಿಲ್ಲ. ವಿಡಿಯೊ ಗೇಮ್ ಆಡಿ ಬೆಳೆದವರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಲಿಲ್ಲ.